ತಮ್ಮನಿಗೆ ಬೈಯಲು ಟೊರಾಂಟೊಕ್ಕೆ ಹೋಗಿ ಬಂದದ್ದು

ಎಕಂಬಾದಿಂದ

ನನ್ನನ್ನು ಪರದೇಶಕ್ಕೆ ಕರೆಸಿಕೊಂಡದ್ದು ಬೈಯುವುದಕ್ಕೆ. ಮುದುಕಿ ನಾಲ್ಕು ಊರು ನೋಡಲಿ, ಸುಖಪಡಲಿ ಎಂದು ಯಾರೂ ಕರೆಯಲಿಲ್ಲ. ಕೆನಡಾ ದೇಶದ ಟೊರಾಂಟೊದಲ್ಲಿ ನನ್ನ ತಮ್ಮ ಮಾಣಿಕ ಇದ್ದಾನೆ. ಅವನ ಮಗಳು ಸುಮನ್ ಫೋನ್ ಹಚ್ಚಿ ಹೇಳಿದಳು: “ಅತ್ತಿ, ಅಪ್ಪ ನನ್ ಮಾತು ಕೇಳವಲ್ಲ. ಡಾಕ್ಟರ್ ಮಾತೂ ಕೇಳವಲ್ಲ. ನೀ ಬಂದು ಬೈ.”

ಸಂಗತಿ ಇಷ್ಟು. ಮಾಣಿಕನ ಉಚ್ಚೆಚೀಲದಲ್ಲಿ ಕ್ಯಾನ್ಸರ್ ಆಗಿತ್ತು. ಓದಿದವರು ಮೂತ್ರಕೋಶ ಅನ್ನುತ್ತಾರೆ. ಕುರಿ ಕಾಯ್ದು ಬೆಳೆದ ನಮಗೆ ಅದು ಉಚ್ಚೆಚೀಲವೇ. ರೋಗ ಇನ್ನೂ ಒಳಗಿನ ತೆಳು ಪದರದಲ್ಲೇ ಇತ್ತು, ಮಾಂಸಕ್ಕೆ ಇಳಿದಿರಲಿಲ್ಲ. ಮೊದಲು ಕೆರೆದು ತೆಗೆದರಂತೆ. ಆಮೇಲೆ ಕೂಸುಗಳಿಗೆ ಟಿ.ಬಿ. ಬರದಿರಲಿ ಎಂದು ಚುಚ್ಚುತ್ತಾರಲ್ಲ, ಆ ಮದ್ದನ್ನೇ ಚೀಲದೊಳಗೆ ತುಂಬಿ ನೋಡಿದರಂತೆ. ರೋಗ ಮತ್ತೆ ಬಂತು. ಇನ್ನು ಚೀಲವನ್ನೇ ತೆಗೆದುಬಿಡೋಣ, ಹೊಟ್ಟೆಗೆ ತೂತು ಮಾಡಿ ಮೇಲೊಂದು ಪ್ಲಾಸ್ಟಿಕ್ ಚೀಲ ಅಂಟಿಸೋಣ, ಉಚ್ಚೆ ಅದರಲ್ಲಿ ಬೀಳಲಿ ಎಂದರು ಡಾಕ್ಟರು. ಮಾಣಿಕ ಆಗುವುದಿಲ್ಲ ಎಂದ. ಹಾಗಾದರೆ ಹೊಸ ಮದ್ದೊಂದು ಪರೀಕ್ಷೆಗೆ ಬಂದಿದೆ, ಸೇರುತ್ತೀರಾ ಎಂದರು. ಅದಕ್ಕೆ ಹೂಂ ಅಂದ. ಆದರೆ ಮಗಳಿಗೆ ಹೇಳಿಟ್ಟಿದ್ದ: “ಇದು ಹತ್ತಿದ್ರ ಹತ್ತಿತು. ಇಲ್ಲಂದ್ರ ನಮ್ಮೂರು ಎಕಂಬಾಕ್ಕ ಹೋಗಿ ಸಾಯ್ತೀನಿ. ಹೊಟ್ಟಿಗಿ ಚೀಲ ಕಟ್ಕೊಂಡು ತಿರುಗೋ ಮನಷ್ಯಾ ನಾ ಅಲ್ಲ.”

ಈ ಎರಡನೆಯ ಮಾತಿಗೆ ಬೈಯಲು ನಾನು ಬೇಕಾಗಿದ್ದೆ.

ಮಾಣಿಕ ಊರು ಬಿಟ್ಟದ್ದು ನಾವೆಲ್ಲ ಸರ್ಕಾರಿ ರಸ್ತೆಗೆ ಕಲ್ಲು ಒಡೆದ ಆ ದೊಡ್ಡ ಬರದಲ್ಲಿ. ಕುರಿ ಸತ್ತವು, ಅವನು ಸೊಲ್ಲಾಪುರಕ್ಕೆ ಹೋಗಿ ನೂಲಿಗೆ ಬಣ್ಣ ಹಾಕುವ ಕಾರಖಾನೆ ಸೇರಿದ. ಅಲ್ಲಿಂದ ಭಿವಂಡಿ. ಅಲ್ಲಿಂದ ಒಬ್ಬ ಸೇಠ್ ಅವನನ್ನು ಕೆನಡಾಕ್ಕೆ ಕರೆದೊಯ್ದ. ಅಲ್ಲಿಯೂ ಬಣ್ಣದ ಕೆಲಸವೇ. ಬಣ್ಣದ ಕಾರಖಾನೆಯ ಹುಡುಗರ ಉಚ್ಚೆಗೂ ಬಣ್ಣ ಬರುತ್ತಿತ್ತಂತೆ, ನಿನ್ನದು ಯಾವ ಬಣ್ಣ ನನ್ನದು ಯಾವ ಬಣ್ಣ ಎಂದು ನಗುತ್ತಿದ್ದರಂತೆ. ಆದ್ದರಿಂದಲೇ ಮುಪ್ಪಿನಲ್ಲಿ ರಕ್ತ ಬಂದಾಗ ಆ ಮೂರ್ಖ ಬಹಳ ದಿನ ಯಾರಿಗೂ ಹೇಳಲಿಲ್ಲ. ಹೆಂಡತಿ ತೀರಿಕೊಂಡಿದ್ದಳು. ಮಗಳು ಸಿಟಿ ಬಸ್ಸಿನ ಡ್ರೈವರ್. ಮನೆಯಲ್ಲಿ ನೋಡುವವರು ಯಾರು?

ನಾನು ಹೊರಟ ವರ್ಷವೂ ಬರವೇ. ಬಾವಿಯ ತಳ ಕಾಣುತ್ತಿತ್ತು, ಟ್ಯಾಂಕರಿನ ದಾರಿ ಕಾಯುವುದೇ ದಿನದ ಕೆಲಸವಾಗಿತ್ತು. ನನ್ನ ಇಬ್ಬರು ಗಂಡುಮಕ್ಕಳು ಕುರಿ ಹೊಡೆದುಕೊಂಡು ಗೋದಾವರಿ ಕಡೆಗೆ ಹೋಗಿದ್ದರು. ಓಣಿಯ ಅರ್ಧ ಮನೆಗಳಿಗೆ ಬೀಗ. ನನ್ನನ್ನು ಹಿಡಿದಿಡಲು ಮನೆಯಲ್ಲಿ ಒಂದು ಮರಿಯೂ ಇರಲಿಲ್ಲ.

“ಬೈಲಾಕ ಅಷ್ಟ್ ದೂರ ಹೊಂಟಿಯೇನಬೇ?” ಎಂದಳು ಪಕ್ಕದ ಮನೆಯ ಗಂಗವ್ವ. “ಇಲ್ಲಿ ನಿನ್ ಕೈಲಿ ಬೈಸ್ಕೊಳ್ಳೋರು ಮುಗದ್ರೇನು?”

“ಇಲ್ಲಿಯವರು ನಾಟಸ್ಕೊಳ್ಳಲ್ಲ. ದೂರದವರಿಗಿ ನಾಟ್ತದ” ಎಂದೆ.

ಭಾಲ್ಕಿಯ ಬಜಾರದಲ್ಲಿ ಸ್ವೆಟರ್ ಕೇಳಿದೆ. ಆ ಬಿಸಿಲಿನಲ್ಲಿ ಅಂಗಡಿಯವನು ನನ್ನ ಮುಖ ನೋಡಿ, “ಅಕ್ಕಾರ, ಮೊದಲ ಕುಂದರ್ರಿ, ನೀರ್ ಕುಡೀರಿ” ಎಂದು ಸ್ಟೂಲು ಸರಿಸಿದ. ತಲೆಗೆ ಬಿಸಿಲು ಹೊಡೆದಿದೆ ಎಂದುಕೊಂಡಿದ್ದ. ಬೀದರಿನ ನೌಬಾದದಲ್ಲಿ ಮಗಳ ಮನೆಯಿದೆ. ಅವಳು ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಅಳಿಯ ಹೈದರಾಬಾದಿನ ವಿಮಾನಕ್ಕೆ ಹತ್ತಿಸಿದ. ನನಗೆ ಅಕ್ಷರ ಬಂದದ್ದು ಮುಪ್ಪಿನಲ್ಲಿ, ರಾತ್ರಿ ಸಾಲೆಯಲ್ಲಿ. ಬಸ್ಸಿನ ಬೋರ್ಡು ಓದುವಷ್ಟು ಬರುತ್ತದೆ. ಈ ಬರಹದಲ್ಲಿ ಕಾಗುಣಿತ ಸರಿ ಇದ್ದರೆ ಅದು ಮೊಮ್ಮಗಳದು, ಮಾತು ನನ್ನದು.

ಚಪ್ಪಲಿ

ವಿಮಾನದ ಬಗ್ಗೆ ಹೇಳುವುದೇನಿಲ್ಲ. ಕೂಡಿಸಿದರು, ಬೆಲ್ಟು ಬಿಗಿದರು, ಉಣ್ಣಲು ಕೊಟ್ಟರು. ಕಾಲು ಗಟ್ಟಿ ಇದ್ದವಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋದರು. ಇಂಗ್ಲಿಷ್ ಬಾರದವಳಿಗೆ ಕಾಲೂ ಬರುವುದಿಲ್ಲ ಎಂದು ಲೆಕ್ಕ.

ಟೊರಾಂಟೊದಲ್ಲಿ ಇಳಿದ ಮೇಲೆ ಯೂನಿಫಾರ್ಮಿನ ಹುಡುಗನೊಬ್ಬ ಏನೋ ಕೇಳಿದ. ನನಗೆ ತಿಳಿಯಲಿಲ್ಲ. ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ. ಒಳಗೆ ಒಬ್ಬಳು ಹಿಂದಿಯಲ್ಲಿ, ಅಮ್ಮಾಜಿ, ಇತ್ತೀಚೆಗೆ ದನಕುರಿ ಇರುವ ಕಡೆಗೆ ಹೋಗಿದ್ದಿರಾ ಎಂದಳು. ಹೋಗುವುದೇನು, ಅಲ್ಲೇ ಇರುತ್ತೇನೆ ಎಂದೆ. ಆ ಹುಡುಗ ನನ್ನ ಕಾಲು ನೋಡಿದ. ಚಪ್ಪಲಿಯ ಹೊಲಿಗೆಯಲ್ಲಿ ಕುರಿಹಿಕ್ಕೆ ಒಣಗಿ ಕೂತಿತ್ತು. ಕೊಡಿ ಎಂದು ಕೈ ಚಾಚಿದ. ಕೊಟ್ಟೆ. ಒಯ್ದ.

ಹೋಯಿತು ಚಪ್ಪಲಿ, ಇನ್ನು ಬರಿಗಾಲಲ್ಲಿ ಹಿಮ ತುಳಿಯಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ತಿರುಗಿ ಬಂದ. ಬ್ರಶ್ಶಿನಿಂದ ತಿಕ್ಕಿ, ಮದ್ದಿನ ನೀರಲ್ಲಿ ತೊಳೆದು, ಕಾಗದದಿಂದ ಒರೆಸಿ ತಂದಿದ್ದ. ಬಗ್ಗಿ ನನ್ನ ಕಾಲ ಮುಂದೆ, ಹಾಕಿಕೊಳ್ಳಲು ಸರಿಯಾಗುವ ಹಾಗೆ ಜೋಡಿಸಿಟ್ಟ. ನನ್ನ ಹೆಗಲ ಮೇಲಿನ ಕಂಬಳಿಯನ್ನು ಝಾಡಿಸಿ ನೋಡಿ, ಮಡಚಿ ಕೊಟ್ಟ.

ಕಚೇರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈಕಟ್ಟಿ ನಿಂತವಳು ನಾನು. ಸರ್ಕಾರದ ಮನುಷ್ಯ ನನ್ನ ಚಪ್ಪಲಿ ತೊಳೆಯುತ್ತಾನೆ ಎಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ. ಅವನಿಗೆ ಅದರಲ್ಲಿ ದೊಡ್ಡತನವೂ ಇರಲಿಲ್ಲ, ಸಣ್ಣತನವೂ ಇರಲಿಲ್ಲ. ಕೆಲಸ, ಮಾಡಿದ. ಆ ದೇಶ ನನಗೆ ಹಿಡಿಸಿದ್ದು ಅಲ್ಲೇ.

ಏಳನೆಯ ಮಾಳಿಗೆ

ಸುಮನ್‌ಳನ್ನು ನಾನು ನೋಡಿದ್ದು ಅದೇ ಮೊದಲು. ಪ್ಯಾಂಟು, ದೊಡ್ಡ ಬೂಟು, ಕತ್ತರಿಸಿದ ಕೂದಲು. ಬಾಯಿ ತೆಗೆದರೆ ನಮ್ಮಪ್ಪ ಮಾತಾಡಿದ ಹಾಗೆ. ಅಪ್ಪನೊಬ್ಬನಿಂದಲೇ ಕಲಿತ ಕನ್ನಡ. ಮಾಣಿಕ ಊರು ಬಿಟ್ಟಾಗಿನ ಕುರಿಗಾರರ ಮಾತು ಅವಳ ಬಾಯಲ್ಲಿ ಹಾಗೇ ಉಳಿದಿತ್ತು. ನನ್ನನ್ನು ಬಸ್ಸಿನಲ್ಲಿ ತನ್ನ ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಒಂದು ಸುತ್ತು ತಿರುಗಿಸಿದಳು. “ಅತ್ತಿ, ಗಾಡಿ ಹೊಡಿವಾಗ ಮಾತಾಡಬ್ಯಾಡ. ಬಾಯಿ ಮುಚ್ಕೊಂಡು ಊರು ನೋಡು” ಎಂದಳು. ಇಳಿಯುವ ಪ್ರತಿಯೊಬ್ಬರೂ, ಹುಡುಗರು ಸೈತ, ಅವಳಿಗೆ ಉಪಕಾರವಾಯಿತು ಎಂದು ಹೇಳಿ ಇಳಿಯುತ್ತಿದ್ದರು. ಔರಾದದ ಬಸ್ಸಿನಲ್ಲಿ ಇಳಿಯುವಾಗ ನಾವು ಡ್ರೈವರಿಗೆ ಹೇಳುವ ಮಾತನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಹಿಡಿಸದ್ದೂ ಇದೆ. ಅವರ ಮನೆ ಏಳನೆಯ ಮಾಳಿಗೆಯಲ್ಲಿ; ಹತ್ತುವ ಲಿಫ್ಟಿನಲ್ಲಿ ಎಲ್ಲರೂ ಬಾಗಿಲ ಕಡೆ ಮುಖ ಮಾಡಿ ಸುಮ್ಮನೆ ನಿಲ್ಲುತ್ತಾರೆ, ಯಾರೋ ಸತ್ತ ಮನೆಗೆ ಹೊರಟ ಹಾಗೆ. ಬ್ರೆಡ್ಡು ಎಷ್ಟು ತಿಂದರೂ ಹೊಟ್ಟೆಗೆ ತಿಳಿಯುವುದಿಲ್ಲ.

ಮತ್ತೆ ನೀರು. ನಲ್ಲಿ ತಿರುವಿದರೆ ನಿಲ್ಲುವುದೇ ಇಲ್ಲ. ಪಾಯಖಾನೆಗೆ ಹೋದರೆ ಒಂದು ಲೋಟದಷ್ಟು ಉಚ್ಚೆ ತಳ್ಳಲು ಒಂದು ಕೊಡ ನೀರು, ಅದೂ ಕುಡಿಯುವ ನೀರು! ಮೊದಲ ದಿನ ಆ ಸದ್ದು ಕೇಳಿ ಎದೆ ಧಸಕ್ ಎಂದಿತು. ಎಕಂಬಾದಲ್ಲಿ ಅಷ್ಟು ನೀರಿಗೆ ಇಬ್ಬರು ಹೆಂಗಸರು ಜಡೆ ಹಿಡಿದು ಜಗಳಾಡಿದ್ದನ್ನು ನೋಡಿ ಬಂದಿದ್ದೆ. ನಾನು ಅಕ್ಕಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದಿಡಲು ಶುರು ಮಾಡಿದೆ. ಕಿಟಕಿಯ ಹತ್ತಿರ ಮಾಣಿಕ ಕುಂಡಗಳಲ್ಲಿ ಮೆಣಸಿನಕಾಯಿ ಬೆಳೆಸಿದ್ದ. ಆ ನೀರು ಅವಕ್ಕೆ ಹೋಯಿತು.

ಮಾಣಿಕ ಸೊರಗಿ ಹೋಗಿದ್ದ. ನಾನು ಬಂದ ದಿನ ಬಾಗಿಲು ತೆಗೆದವನು ನನ್ನ ಕಾಲಿಗೆ ಬಗ್ಗಲು ಬಂದ. “ಕಾಲು ಬಿಡು, ಚಪ್ಪಲಿ ಈಗ ತೊಳದು ಕೊಟ್ಟಾರ” ಎಂದೆ. ನಕ್ಕ. ನಗುತ್ತಲೇ ಕೇಳಿದ: “ಬೈಲಾಕ ಬಂದಿ ಹೌದಿಲ್ಲೋ?”

“ಹೌದು. ಆದ್ರ ಈಗ ಅಲ್ಲ. ಮೊದಲ ಆ ಮದ್ದು ಏನದ ನೋಡೋಣು.”

ಆಸ್ಪತ್ರೆ

ಮದ್ದು ಹಾಕುವ ಮೊದಲು ಡಾಕ್ಟರು ನಮ್ಮನ್ನು ಕೂಡಿಸಿಕೊಂಡು ಮಾತಾಡಿದರು. ಎತ್ತರದ ಹೆಂಗಸು, ಬಿಳಿ ಕೂದಲು, ಅವಸರವಿಲ್ಲದ ಮಾತು. ಹೊರಗೆ ಮಂದಿ ಕಾಯುತ್ತಿದ್ದರೂ ಗಡಿಯಾರ ನೋಡಲಿಲ್ಲ. ಸುಮನ್ ನನಗೆ ಕನ್ನಡದಲ್ಲಿ ತಿರುವಿ ಹೇಳಿದಳು.

“ಅತ್ತಿ, ನೆಗಡಿ ಬರ್ತದಲ್ಲ, ಇದು ಅದರ ಹುಳ. ಅದು ಮರಿ ಹಾಕದಂಗ ಮಾಡ್ಯಾರ. ಅದರ ಒಳಗ ಒಂದು ಬೀಜ ಇಟ್ಟಾರ. ಉಚ್ಚಿಚೀಲದಾಗ ಹೋಗಿ ಆ ಬೀಜ ಬಿಡ್ತದ. ಆಮ್ಯಾಲ ಚೀಲನೇ ರೋಗ ಕೊಲ್ಲೋ ಮದ್ದು ತಾನೇ ಮಾಡ್ಕೋತದ.”

ನನಗೆ ಇದು ತಿಳಿಯಿತು. ಕುರಿಗಳಿಗೆ ಸಿಡುಬಿನ ಸೂಜಿ ಹಾಕಿಸುವವರು ನಾವು. ಸೊಕ್ಕು ಮುರಿದ ರೋಗವನ್ನೇ ಕೊಟ್ಟು ರೋಗ ತಡೆಯುವುದು ಹೊಸ ಮಾತಲ್ಲ. ಆದರೆ ಚೀಲವೇ ತನ್ನ ಮದ್ದು ತಾನು ಮಾಡಿಕೊಳ್ಳುವುದು ಹೊಸದು. ಇಂಥದನ್ನು ಯಾರ ತಲೆ ಯೋಚಿಸಿತೋ, ಅವರ ತಾಯಿಯ ಹೊಟ್ಟೆ ತಣ್ಣಗಿರಲಿ.

“ಬೀಜ ಮೊಳೀಲಿಲ್ಲಂದ್ರ?” ಎಂದು ಕೇಳಿಸಿದೆ.

ಮೊಳೆಯದಿರಬಹುದು, ಅದನ್ನೇ ನೋಡುತ್ತಿದ್ದೇವೆ ಎಂದರು ಡಾಕ್ಟರು.

“ಹಂಗಾರ ನಮ್ಮವನ ಮ್ಯಾಲ ಪ್ರಯೋಗ ಮಾಡ್ತಾರೇನು, ಕೇಳು.”

ಸುಮನ್‌ಳಿಗೆ ಕೇಳಲು ನಾಚಿಕೆ. ನಾನು ಬಿಡಲಿಲ್ಲ. ಕೇಳಿದಳು. ಡಾಕ್ಟರು ಮುಖ ತಿರುಗಿಸಲಿಲ್ಲ. ಹೌದು ಎಂದರು. ನಿಮ್ಮ ತಮ್ಮನಿಗೆ ಇದರಿಂದ ಲಾಭ ಆಗದೇ ಹೋಗಬಹುದು. ಬೇಡ ಅನಿಸಿದ ದಿನ ಅವರು ಎದ್ದು ಹೋಗಬಹುದು, ನಾವು ಕೋಪ ಮಾಡುವುದಿಲ್ಲ, ಬೇರೆ ಉಪಚಾರ ನಿಲ್ಲಿಸುವುದಿಲ್ಲ. ಮೂರು ತಿಂಗಳಿಗೆ ಕ್ಯಾಮೆರಾ ಹಾಕಿ ನೋಡುತ್ತೇವೆ. ರೋಗ ಹೋಗಿದ್ದರೆ ಮತ್ತೊಮ್ಮೆ ಮದ್ದು, ಹೋಗಿರದಿದ್ದರೆ ಚೀಲ ತೆಗೆಯಬೇಕು ಎಂದು ನಾನೇ ಹೇಳುತ್ತೇನೆ ಎಂದರು.

ನನ್ನ ವಯಸ್ಸಿನಲ್ಲಿ ಎಷ್ಟೋ ಡಾಕ್ಟರನ್ನು ನೋಡಿದ್ದೇನೆ. ಏನೂ ಆಗಿಲ್ಲ ಹೋಗಿರಿ ಎನ್ನುತ್ತಾರೆ, ಇಲ್ಲವೇ ಮನೆಗೆ ಒಯ್ಯಿರಿ ಎನ್ನುತ್ತಾರೆ. ನಡುವಿನ ಮಾತನ್ನು ಯಾರೂ ಹೇಳಿರಲಿಲ್ಲ.

ಹೋದ ಸಲ ಚೀಲದೊಳಗೆ ಕ್ಯಾಮೆರಾ ಬಿಟ್ಟು ತೆಗೆದ ಚಿತ್ರವನ್ನೂ ತೋರಿಸಿದರು. ಕುರಿ ಕೊಯ್ದಾಗ ಉಚ್ಚೆಚೀಲ ನೋಡಿದವಳು ನಾನು; ಅದು ಬೆಳ್ಳಗೆ, ತೆಳ್ಳಗೆ, ಬೆಳಕು ಹಾಯುವ ಹಾಗೆ ಇರುತ್ತದೆ. ಮಾಣಿಕನದರಲ್ಲಿ ಅಲ್ಲಲ್ಲಿ ಕೆಂಪು ಮಖಮಲ್ಲಿನ ತುಂಡು ಅಂಟಿಸಿದಂತೆ ಇತ್ತು. ನೋಡಲು ಚಂದವೇ ಇತ್ತು ಹಾಳಾದ್ದು.

ಮದ್ದು ಹಾಕಿದವನು ಗಂಡು ನರ್ಸ್, ಹೆಸರು ರಾಮೋನ್. ಕುಸ್ತಿ ಹಿಡಿಯುವವನ ಮೈ, ತೋಳಿನ ತುಂಬ ಹಚ್ಚೆ. ಇವನು ಮೈ ಮುಟ್ಟಿದರೆ ಮಾಣಿಕ ಮುರಿದೇ ಹೋಗುತ್ತಾನೆ ಎಂದುಕೊಂಡೆ. ಮದ್ದು ಮಂಜುಗಡ್ಡೆಯಾಗಿ ಬಂದಿತ್ತು, ಕರಗಲು ಬಿಟ್ಟರು. ರಾಮೋನ್ ಗೌನು, ಕನ್ನಡಕ, ಕೈಗವಸು ಎಲ್ಲ ಹಾಕಿಕೊಂಡು ಬಾಗಿಲು ಮುಚ್ಚಿದ. ಬಾಗಿಲಿಗೆ ಗಾಜು ಇತ್ತು, ನಾನು ಹೊರಗಿನಿಂದ ನೋಡಿದೆ. ಕೆಳಗಿನಿಂದ ನಳಿಕೆ ಹಾಕಿ ಮದ್ದು ಬಿಟ್ಟ ಮೇಲೆ ಅದು ಎಲ್ಲ ಕಡೆ ತಾಗಲಿ ಎಂದು ಮಾಣಿಕನನ್ನು ಬಲಕ್ಕೆ, ಎಡಕ್ಕೆ, ಬೋರಲಾಗಿ ಹೊರಳಿಸುತ್ತ ಬಂದ. ಉಣ್ಣೆ ಕತ್ತರಿಸುವಾಗ ಬಲ್ಲವನು ಕುರಿಯನ್ನು ಹೊರಳಿಸುತ್ತಾನಲ್ಲ, ಹಾಗೆ. ಕುರಿಗೆ ಹೆದರಿಕೆಯಾಗಬಾರದು, ಕೈ ಸಡಿಲವೂ ಆಗಬಾರದು. ನನ್ನ ಮಕ್ಕಳಿಬ್ಬರಿಗೂ ಈ ಕೈ ಬಂದಿಲ್ಲ.

“ಉರೀತೇನೋ?” ಎಂದು ಆಮೇಲೆ ಕೇಳಿದೆ.

“ಉರೀಲಿಲ್ಲ ಅಕ್ಕಾ. ಉಚ್ಚಿ ತಡಕೊಳ್ಳೋದೇ ಕಠಿಣ. ಆ ನರ್ಸ್ ತಾ ಕುಣಿಲಾಕ ಹೋದ ಕತಿ ಹೇಳಿ ನಗಸ್ತಿದ್ದ. ನಗಸಬ್ಯಾಡೋ ಮಾರಾಯಾ, ಚೆಲ್ತದ ಅಂದೆ.”

ಮೆಣಸಿನ ಗಿಡ

ಇಲ್ಲಿ ನಾನು ಎಡವಿದೆ.

ಮದ್ದು ಹಾಕಿದ ಮೇಲೆ ಎರಡು ದಿನ, ಮಾಣಿಕ ಪಾಯಖಾನೆಗೆ ಹೋದಾಗಲೆಲ್ಲ ಬ್ಲೀಚಿನ ನೀರು ಸುರಿದು, ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ನೀರು ಬಿಡಬೇಕು ಎಂದು ಹೇಳಿ ಕಳಿಸಿದ್ದರು. ಮದ್ದಿನ ಹುಳ ಉಚ್ಚೆಯಲ್ಲಿ ಹೊರಗೆ ಬರುತ್ತದೆ, ಅದನ್ನು ಕೊಲ್ಲಲು. ಸುಮನ್ ನನಗೂ ಹೇಳಿದ್ದಳು. ನಾನು ಅದನ್ನು ವಾಸನೆಗೆ ಅಂದುಕೊಂಡೆ. ಗಳಿಗೆಗೊಮ್ಮೆ ಕೈ ತೊಳೆಯುವ ಮಂದಿ, ಇದೂ ಒಂದು ಶೋಕಿ ಇರಬೇಕು ಎಂದುಕೊಂಡೆ.

ಮಾಣಿಕನಿಗೆ ಮೇಲಿಂದ ಮೇಲೆ ಅವಸರವಾಗುತ್ತಿತ್ತು, ಪಾಯಖಾನೆಯವರೆಗೂ ತಡೆಯುತ್ತಿರಲಿಲ್ಲ. ಸುಮನ್ ಡ್ಯೂಟಿಗೆ ಹೋಗಿದ್ದಳು. ನಾನು ಮಂಚದ ಹತ್ತಿರ ಒಂದು ಡಬ್ಬಿ ಇಟ್ಟೆ. ಅದರಲ್ಲಿ ಹೊಯ್ದ. ಅದನ್ನೇನು ಮಾಡುವುದು? ನಮ್ಮ ಕಡೆ ಹೊಲದವರು ಕುರಿಗಾರರನ್ನು ಕರೆದು ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಾರೆ; ಕುರಿ ರಾತ್ರಿಯೆಲ್ಲ ಅಲ್ಲಿ ಮಲಗಿ ಹಿಕ್ಕೆ ಹಾಕಿ, ಉಚ್ಚೆ ಹೊಯ್ದರೆ ನೆಲಕ್ಕೆ ಬಲ ಬರುತ್ತದೆ. ಅದಕ್ಕೆ ನಮಗೆ ಜೋಳ ಕೊಡುತ್ತಾರೆ. ಉಚ್ಚೆಗೆ ಜೋಳ ಪಡೆದು ಬೆಳೆದವಳು ನಾನು. ಅದನ್ನು ಒಂದು ಕೊಡ ಕುಡಿಯುವ ನೀರಿನ ಜೊತೆ ಗಟಾರಕ್ಕೆ ತಳ್ಳಲು ನನ್ನ ಕೈ ಬರಲಿಲ್ಲ. ಅಕ್ಕಿ ತೊಳೆದ ನೀರಿಗೆ ಬೆರೆಸಿ ಮೆಣಸಿನ ಗಿಡದ ಬುಡಕ್ಕೆ ಹಾಕಿದೆ.

ಮರುದಿನ ನಾವು ಮೂವರೂ ಉಣ್ಣುತ್ತಿದ್ದಾಗ ಆಸ್ಪತ್ರೆಯಿಂದ ಫೋನ್. ರಾಮೋನ್. ಪ್ರತಿ ಸಲವೂ ಬ್ಲೀಚ್ ಹಾಕುತ್ತಿದ್ದೀರಾ ಎಂದು ಕೇಳಿದನಂತೆ. ಸುಮನ್ ನನ್ನ ಕಡೆ ನೋಡಿದಳು.

“ಅತ್ತಿ, ಹಾಕ್ದಿ ಅಲ್ಲ?”

“ಎಲ್ಲಿ ಹಾಕ್ಲಿ? ಉಚ್ಚಿ ಮೆಣಸಿನ ಗಿಡಕ್ಕ ಹಾಕೀನಿ.”

ಅವಳ ಕೈಯಲ್ಲಿ ರೊಟ್ಟಿ, ಬಾಯಲ್ಲಿ ಅದೇ ಗಿಡದ ಹಸಿಮೆಣಸಿನಕಾಯಿ. ಅಗಿಯುವುದು ನಿಂತಿತು. ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಮಾಣಿಕ ಫೋನಿನ ಮೇಲೆ ಕೈ ಮುಚ್ಚಿ ಮೆಲ್ಲಗೆ ಹೇಳಿದ: “ಹೇಳಬ್ಯಾಡ. ಬ್ಲೀಚ್ ಹಾಕೀವಿ ಅನ್ನು. ಗೊತ್ತಾದ್ರ ನನ್ನ ಪರೀಕ್ಷಾದಿಂದ ಹೊರಗ ಹಾಕ್ತಾರ. ಹೊರಗ ಹಾಕಿದ್ರ ಮುಗೀತು, ಚಾಕುನೇ.”

ಬೈಯಲು ಬಂದವಳು ಅವನ ಬಾಗಿಲನ್ನೇ ಮುಚ್ಚಿದೆನೋ ಎನ್ನಿಸಿತು. ಆದರೂ ಸುಳ್ಳಿಗೆ ಮನಸ್ಸು ಒಪ್ಪಲಿಲ್ಲ.

“ಸುಳ್ ಯಾಕ ಹೇಳ್ತಿ?” ಎಂದೆ. “ಆ ಡಾಕ್ಟರಮ್ಮ ನಿನ್ ಮುಖಕ್ಕ ಮುಖ ಕೊಟ್ಟು ಇದ್ರಿಂದ ಲಾಭ ಆಗ್ಲಿಕ್ಕಿಲ್ಲ ಅಂತ ಖರೇ ಹೇಳ್ಯಾಳ. ನಮಗ ಒಂದು ಗಿಡದ ಮಾತು ಖರೇ ಹೇಳಲಾಕ ಬರಂಗಿಲ್ಲೇನು? ಸುಮನ್, ಇದ್ದದ್ದು ಹೇಳು.”

ಹೇಳಿದಳು. ಗಿಡ ಮುಟ್ಟಬೇಡಿ, ಬರುತ್ತೇವೆ ಎಂದನಂತೆ ರಾಮೋನ್.

ಸಂಜೆಯೊಳಗೆ ರಾಮೋನ್ ಮತ್ತೊಬ್ಬಳ ಜೊತೆ ಬಂದ. ಕೈಗವಸು ಹಾಕಿಕೊಂಡರು, ಕುಂಡಗಳಿಗೆ ಬ್ಲೀಚ್ ಸುರಿದರು, ಗಿಡ ಮಣ್ಣು ಸಮೇತ ಹಳದಿ ಚೀಲಗಳಲ್ಲಿ ಕಟ್ಟಿದರು. ನೆಲ ಒರೆಸಿದರು. ನನ್ನ ಅಂಗೈ ತಿರುಗಿಸಿ ಗಾಯ ಇದೆಯೇ ನೋಡಿದರು. ಕಣ್ಣಿಗೆ ಸಿಡಿಯಿತೇ, ಗಂಟಲು ನೋವಿದೆಯೇ ಎಂದು ನನ್ನನ್ನೂ ಸುಮನ್‌ಳನ್ನೂ ಕೇಳಿದರು. ಹುಳಕ್ಕೆ ಮರಿ ಹಾಕುವ ಶಕ್ತಿ ಇಲ್ಲ, ಹೆದರುವಂಥದ್ದೇನಿಲ್ಲ, ಆದರೆ ಜ್ವರ ಬಂದರೆ ಹೇಳಿ ಎಂದರು. ಎಷ್ಟು ಸಲ ಹಾಕಿದಿರಿ, ನೀರು ಬೆರೆಸಿದಿರಾ, ಯಾಕೆ ಹಾಕಿದಿರಿ? ನಾನು ಕುರಿ ತರುಬುವುದನ್ನು ಹೇಳಿದೆ. ಸುಮನ್ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ರಾಮೋನ್ ಬರೆಯುವುದು ನಿಲ್ಲಿಸಿ ಕೇಳಿದ, ಇದರಿಂದ ಗಿಡ ಚೆನ್ನಾಗಿ ಬರುತ್ತದೆಯೇ?

“ಚೀಲದಾಗ ಹಾಕ್ಯಾನಲ್ಲ, ತಗದು ನೋಡ್ಲಿ” ಎಂದೆ.

ಆ ದೊಡ್ಡ ಮೈ ಅಲುಗಾಡುವಂತೆ ನಕ್ಕ. ಮಾಣಿಕ ನಗಲಿಲ್ಲ. ಕೊನೆಗೂ ಕೇಳಿದ, ನನ್ನನ್ನು ತೆಗೆದು ಹಾಕುತ್ತೀರಾ? ಇಲ್ಲ ಎಂದ ರಾಮೋನ್. ತಪ್ಪು ಆದರೆ ಬರೆದುಕೊಳ್ಳುತ್ತೇವೆ. ಮುಚ್ಚಿಟ್ಟರೆ ಪರೀಕ್ಷೆಯೇ ಕೆಡುತ್ತದೆ.

ನಮ್ಮಲ್ಲಾದರೆ ಮೊದಲು ಇದನ್ನು ಮಾಡಿದವರು ಯಾರು ಎಂದು ಕೇಳುತ್ತಾರೆ. ಇವರು ಏನಾಯಿತು ಎಂದು ಕೇಳಿದರು. ಆಮೇಲೆ ರೋಗಿಗಳಿಗೆ ಕೊಡುವ ಕಾಗದದಲ್ಲಿ ಹೊಸದೊಂದು ಸಾಲು ಬಂತು. ಸುಮನ್ ಬೆರಳಿಟ್ಟು ಓದಿದಳು: ಗಿಡಗಳಿಗೆ ಹಾಕಬಾರದು. “ಅತ್ತಿ, ಇದು ನಿನ್ ಸಾಲು.” ಮಾಣಿಕ ಈಗಲೂ ಫೋನಿನಲ್ಲಿ ಅದನ್ನೇ ಎತ್ತಿ ನಗುತ್ತಾನೆ.

ಮತ್ತೆ ಆಸ್ಪತ್ರೆ

ಹಿಮ ಕರಗಿ ಹುಲ್ಲು ಬಂತು. ಅಂಥ ಹುಲ್ಲನ್ನು ಮಷೀನಿನಿಂದ ಕತ್ತರಿಸಿ ಚೆಲ್ಲುತ್ತಾರೆ, ಒಂದು ಕುರಿಯೂ ಇಲ್ಲ. ಮಾಣಿಕ ಸ್ವಲ್ಪ ಮೈ ಹಿಡಿದ. ರೊಟ್ಟಿ ಕೇಳಿ ಉಣ್ಣತೊಡಗಿದ. ಹತ್ತಿತು ಬೀಜ ಎಂದು ನಾವು ಬಾಯಿಬಿಟ್ಟು ಹೇಳದಿದ್ದರೂ ಒಳಗೊಳಗೆ ಎಲ್ಲರೂ ಅಂದುಕೊಂಡಿದ್ದೆವು.

ಮೂರು ತಿಂಗಳಿಗೆ ಕ್ಯಾಮೆರಾ ಹಾಕಿದರು. ನನ್ನನ್ನು ಅವನ ತಲೆಯ ಹತ್ತಿರ ಕೂಡಿಸಿದರು, ಎದುರಿಗೆ ಟಿ.ವಿ. ಮೊದಲಿಗೆ ಎಲ್ಲ ಬೆಳ್ಳಗೆ ಕಂಡಿತು, ನನ್ನ ಎದೆ ಹಗುರವಾಯಿತು. ಆಮೇಲೆ ಕ್ಯಾಮೆರಾ ಒಂದು ಮೂಲೆಗೆ ಹೊರಳಿ ನಿಂತಿತು. ಅಲ್ಲಿ ಮಖಮಲ್ಲು. ಡಾಕ್ಟರು ಅಲ್ಲಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮಾಣಿಕ ನನ್ನ ಕಡೆ ನೋಡಿದ. ನಾನು ಟಿ.ವಿ. ಕಡೆ ನೋಡಿದೆ.

ಉತ್ತರ ಬಂದ ದಿನ ಮತ್ತೆ ಅದೇ ಕೋಣೆಯಲ್ಲಿ ಕೂಡಿಸಿದರು. ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ಇದು ನಿಮ್ಮಲ್ಲಿ ಕೆಲಸ ಮಾಡಲಿಲ್ಲ. ರೋಗ ಇನ್ನೂ ಒಳಪದರದಲ್ಲೇ ಇದೆ, ಈಗ ತೆಗೆದರೆ ನಿಮಗೆ ಬಹಳ ಬದುಕು ಉಳಿದಿದೆ. ನನ್ನ ಮದ್ದಿಗಾಗಿ ನಿಮ್ಮನ್ನು ಇನ್ನು ಕಾಯಿಸುವುದಿಲ್ಲ ಎಂದರು.

ನಾನು ಇದನ್ನು ಅಲ್ಲಿ ನೋಡಿದೆ, ಬೇರೆಲ್ಲೂ ನೋಡಿಲ್ಲ. ಎಷ್ಟೋ ವರ್ಷ ದುಡಿದು ಮಾಡಿದ ಮದ್ದು. ಅದು ಸೋತದ್ದನ್ನು ತಾನೇ ಬಾಯಿಬಿಟ್ಟು ಹೇಳಿ, ತನ್ನ ಪರೀಕ್ಷೆಯಿಂದ ತಾನೇ ರೋಗಿಯನ್ನು ಎಬ್ಬಿಸಿ ಕಳಿಸುವುದು. ಸುಮನ್ ಅಪ್ಪನ ಕೈ ಹಿಡಿದುಕೊಂಡೇ ಒಂದೊಂದು ಮಾತನ್ನೂ ನನಗೆ ತಿರುವಿ ಹೇಳಿದಳು.

ಮಾಣಿಕ ಎದ್ದು ನಿಂತ. “ನಡಿ ಅಕ್ಕಾ. ಊರಿಗಿ ಹೋಗೋಣು.”

ಆಗ ಬೈದೆ.

“ಊರಾಗ ಏನಿಟ್ಟಿ? ಟ್ಯಾಂಕರ್ ಬಂದ್ರ ನೀರು, ಇಲ್ಲಂದ್ರ ಇಲ್ಲ. ನೀ ಸತ್ರ ನಿನ್ ಹೆಣ ತೊಳಿಲಾಕ ನೀರು ಯಾರ್ ತರ್ತಾರ? ನಾ ತರ್ಲೇನು, ಈ ಸೊಂಟದಾಗ? ಬದಕಲಾಕ ಬರ್ತಿ ಅಂದ್ರ ಬಾ, ಕಂಬಳಿ ಹಾಸ್ತೀನಿ. ಸಾಯ್ಲಾಕ ಬರ್ತಿ ಅಂದ್ರ ನನ್ ಬಾಗಲ ತುಳೀಬ್ಯಾಡ.”

“ಅಕ್ಕಾ, ಚೀಲ ಕಟ್ಕೊಂಡು...”

“ಕಟ್ಕೊಂಡ್ರ ಏನಾತೋ? ಉಚ್ಚಿ ಒಳಗಿನ ಚೀಲದಾಗ ಇದ್ರ ಮರ್ಯಾದಿ, ಹೊರಗಿನ ಚೀಲದಾಗ ಇದ್ರ ಮಾನ ಹೋತೇನು? ಕುರಿ ನಡುವ ಮಲಗಿ, ಅವು ನಿನ್ ಮ್ಯಾಲ ಉಚ್ಚಿ ಹೊಯ್ದ್ರೂ ಮಗ್ಗಲ ಬದಲಸದಂವ ನೀ. ಈಗ ದೊಡ್ಡ ಸಾಹೇಬ ಆಗೀಯೇನು?”

ಡಾಕ್ಟರಿಗೆ ಕನ್ನಡ ಬಾರದು, ಆದರೂ ಕುರ್ಚಿಯಲ್ಲಿ ಸ್ವಲ್ಪ ಹಿಂದೆ ಸರಿದರು. ಮಾಣಿಕ ಮತ್ತೆ ಕೂತ. ಡಾಕ್ಟರಿಗೆ ಇಂಗ್ಲಿಷಿನಲ್ಲಿ ಏನೋ ಕೇಳಿದ. ನನ್ನಿಂದ ನಿಮಗೇನಾದರೂ ಉಪಯೋಗ ಆಯಿತೇ ಎಂದು ಕೇಳಿದನಂತೆ. ಮದ್ದು ಹತ್ತದವರಲ್ಲಿ ನಿಮ್ಮನ್ನು ಎಣಿಸುತ್ತೇವೆ ಎಂದರಂತೆ ಡಾಕ್ಟರು. ಅವರನ್ನು ಎಣಿಸದಿದ್ದರೆ ಮದ್ದು ಹತ್ತಿದವರ ಎಣಿಕೆಗೆ ಅರ್ಥವಿಲ್ಲವಂತೆ.

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ರಾಮೋನ್ ಹೊರಗೆ ಹೋದ. ತಿರುಗಿ ಬಂದು ಕೋಣೆಯೊಳಗೆ ಅತ್ತಿಂದಿತ್ತ ನಡೆದ. ಬಗ್ಗಿದ, ಕುರ್ಚಿಯ ಮೇಲೆ ಕೂತ, ಎದ್ದ. ಇವನಿಗೇನಾಯಿತು ಎಂದು ನೋಡುತ್ತಿದ್ದೆ. ಹೇಳಿ ನೋಡೋಣ, ಎಡಕ್ಕೋ ಬಲಕ್ಕೋ ಎಂದ. ಆಗ ತಿಳಿಯಿತು, ಅಂಥದೇ ಒಂದು ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ ತನ್ನ ಹೊಟ್ಟೆಗೇ ಅಂಟಿಸಿಕೊಂಡು ಬಂದಿದ್ದ.

“ಎಡಕ್ಕ” ಎಂದೆ ನಾನು.

ಅಂಗಿ ಎತ್ತಿದ. ಬಲಕ್ಕಿತ್ತು.

ಮಾಣಿಕ ಮುಂದೆ ಬಗ್ಗಿ ನೋಡಿದ. ಬೆರಳಿನಿಂದ ಒತ್ತಿದ. ಬಣ್ಣದ ಕಾರಖಾನೆಯಲ್ಲಿ ನೂಲು ಹಿಡಿದು ನೋಡುವವನ ಹಾಗೆ ಅಂಚು, ಅಂಟು, ಕೆಳಗಿನ ಬಾಯಿ ಎಲ್ಲ ನೋಡಿದ. ಇದು ತುಂಬಿದರೆ ಜೋತು ಬೀಳುವುದಿಲ್ಲವೇ ಎಂದು ಕೇಳಿದ. ನೀವೇ ನೋಡಿ ಎಂದ ರಾಮೋನ್. ಹೊಸದೊಂದು ತಂದು, ಉಗುರುಬೆಚ್ಚನೆಯ ನೀರು ತುಂಬಿ, ಅವನ ಹೊಟ್ಟೆಗೆ ಅಂಟಿಸಿ ಅಂಗಿ ಇಳಿಬಿಟ್ಟ. ಇವತ್ತೊಂದು ದಿನ ಹಾಕಿಕೊಂಡಿರಿ, ಬೇಡವಾದರೆ ಕಿತ್ತೆಸೆಯಿರಿ ಎಂದ.

ಬಸ್ಸಿನಲ್ಲಿ

ಅಂದು ಸುಮನ್‌ಳಿಗೆ ರಜೆ. ಬೇರೆ ಯಾರೋ ಹೊಡೆಯುವ ಬಸ್ಸು. ತುಂಬಿತ್ತು. ಮಾಣಿಕ ಕಂಬಿ ಹಿಡಿದು ನಿಂತ, ಇನ್ನೊಂದು ಕೈ ಕೋಟಿನ ಮೇಲೆ, ಹೊಟ್ಟೆಯ ಹತ್ತಿರ. ತಿರುವಿನಲ್ಲಿ ಒಬ್ಬ ದಪ್ಪನೆಯ ಮನುಷ್ಯ ಅವನ ಮೇಲೆ ಒರಗಿದ. ಮಾಣಿಕ ಕಣ್ಣು ಮುಚ್ಚಿಕೊಂಡ. ಏನೂ ಒಡೆಯಲಿಲ್ಲ, ಚೆಲ್ಲಲಿಲ್ಲ. ಸಾಲೆಗೆ ಹೋಗುವ ಹುಡುಗಿಯೊಬ್ಬಳು ಅವನ ಬಿಳಿ ಕೂದಲು ನೋಡಿ ಎದ್ದು ಸೀಟು ಬಿಟ್ಟಳು. ಕೂತರೆ ಚೀಲ ಎದ್ದು ಕಾಣುತ್ತದೆ ಎಂದು ಅವನಿಗೆ ಹೆದರಿಕೆ. ಸ್ವಲ್ಪ ಹೊತ್ತು ನಿಂತೇ ಇದ್ದ. ಆಮೇಲೆ ಮೆಲ್ಲಗೆ ಕೂತ. ಹುಡುಗಿ ಆಗಲೇ ತನ್ನ ಫೋನು ನೋಡುತ್ತಿದ್ದಳು.

ನಾಲ್ಕು ಸ್ಟಾಪು ದಾಟಿದ ಮೇಲೆ ನನ್ನ ಕಡೆ ಬಗ್ಗಿದ.

“ಅಕ್ಕಾ, ಯಾರೂ ನೋಡಲಿಲ್ಲ.”

“ನಿನ್ನ ಯಾರ್ ನೋಡ್ತಾರೋ ಮುದ್ಯಾ” ಎಂದೆ.

ನಮ್ಮ ಸ್ಟಾಪು ಬಂತು. ಇಳಿಯುವಾಗ ಡ್ರೈವರಿಗೆ ಉಪಕಾರವಾಯಿತು ಎಂದ, ಎಲ್ಲರಿಗಿಂತ ಸ್ವಲ್ಪ ಗಟ್ಟಿಯಾಗಿ. ಮನೆಗೆ ಬಂದು ಕೋಟು ಬಿಚ್ಚುವ ಮೊದಲೇ ಬಾಗಿಲಲ್ಲೇ ನಿಂತು ಮಗಳಿಗೆ ಹೇಳಿದ:

“ಆಸ್ಪತ್ರಿಗಿ ಫೋನ್ ಹಚ್ಚು. ಯಾವತ್ತ್ ಬರ್ಲಿ ಅಂತ ಕೇಳು.”